ಒಗರು

ಗೋಕುಲ ರೋಡಿನ ವಾಲ್ವ್ ಫ್ಯಾಕ್ಟರಿ
ಒಲ್ಲೆ ಅಂತ ಒಗದ ಕಬ್ಬಿಣ ಜಾಳಿಗಿ, ನಾ ತಂದದ್ದು.
ನಾಕು ಇಟ್ಟಂಗಿ, ಅರ್ಧ ಚೀಲ ಇದ್ದಲಿ,
ಕೇಶ್ವಾಪುರದ ಬಾಡಿಗಿ ಮನಿ ಮಾಳಿಗಿ ಮ್ಯಾಲೆ
ರವಿವಾರ ಸಂಜಿ.

ಮೂರು ಬಾಟ್ಲಿ. ಮೂರೂ ಸೇರಿ ಸಾವಿರದೊಳಗ.
ಅಂಗಡ್ಯಾಂವ ಹಳೇ ಪೇಪರಿನ್ಯಾಗ ಸುತ್ತಿ
ಮದವಿ ಸೀರಿ ಕೊಟ್ಟಂಗ ಎರಡೂ ಕೈಲೆ ಕೊಟ್ಟಿದ್ದ.
ಬಿಚ್ಚಬ್ಯಾಡ್ರಿ, ಅಂದ್ರು ಹೆಬಸೂರ ಮಾಸ್ತರ,
ರೇಟು ಕಂಡ್ರ ನಾಲಿಗಿ ಸುಳ್ಳು ಹೇಳ್ತೈತಿ.
ಪೇಪರಿನ ಮ್ಯಾಲೆ ಕೆಂಪು ಪೆನ್ನಿಲೆ ಬರದ್ರು:
ಒಂದು, ಎರಡು, ಮೂರು.
ಮೂವತ್ತು ವರ್ಷ ಉತ್ತರಪತ್ರಿಕಿ ತಿದ್ದಿದ ಕೈ.

ಎರಡಕ್ಕ ತಿರುವೋ ಮುಚ್ಚಳ, ಮೂರನೇದಕ್ಕ ಬಿರಡಿ.
ಒಂದು ಸ್ಕ್ರೂ, ಒಂದು ಇಕ್ಕಳ,
ಉಳಿದದ್ದು ನನ್ನ ಕಸಬು.

ದಾದಾಪೀರ ಕುಡಿಯಂಗಿಲ್ಲ. ಅವಂದು ಬೆಂಕಿ ಖಾತೆ.
ಕ್ಯಾಲೆಂಡರ್ ರಟ್ಟಿಲೆ ಗಾಳಿ ಹಾಕ್ತಾ
ಕೋಳಿ ತುಂಡಿಗೆ ಬ್ಯಾಡಗಿ ಖಾರ ಬಳೀತಾ
ಅಂಚಿಗೆ ನಾಕು ಮುಳಗಾಯಿ ಇಟ್ಟ.
ಸಿಪ್ಪಿ ಕರ್ರಗಾಗಿ ಸಿಡೀತು,
ಒಳಗಿನ ನೀರು ಕೆಂಡಕ್ಕ ಬಿದ್ದು ಚುಂಯ್ ಅಂತು.

ಸ್ಟೀಲ್ ಲೋಟಾದಾಗ ಒಂದನೇದು.
ರೋಸಲಿನ್ ಸಿಸ್ಟರ್ ಮೂಗು ಇಳಿಬಿಟ್ಟು
ನೇರಳೆಹಣ್ಣು, ಅಂದ್ಲು,
ತಮ್ಮನ ಚಡ್ಡಿ ಕಿಸೇದಾಗ ಒಡದದ್ದು.
ಮಾಸ್ತರ: ಮಳ್ಯಾಗ ತೊಯ್ದ ಗೋಣಿಚೀಲ.
ನಾನು: ಲೇಥ್ ಮಶೀನಿನ ಎಣ್ಣಿ.
ನಕ್ರು. ನಾ ಸುಳ್ಳು ಹೇಳಿರಲಿಲ್ಲ.

ನೀಲಗಂಗಾ ಗ್ವಾಡಿಗೆ ಬೆನ್ನು ಕೊಟ್ಟು ಕುಂತಿದ್ಲು.
ಆ ಜ್ವರದ ವರ್ಷ ಹೋದ ವಾಸನಿ
ಇನ್ನೂ ವಾಪಸ್ ಬಂದಿಲ್ಲ.
ಲ್ಯಾಬಿನ್ಯಾಗ ದಿನಾ ನೂರು ಮಂದಿ ಉಚ್ಚಿ ತಪಾಸ ಮಾಡಾಕಿ,
ಆ ಕೆಲಸಕ್ಕ ಛಲೋನ ಆತು ಬಿಡ್ರಿ, ಅಂತಾಳ.
ಮಲ್ಲಿಗಿ ಮುಡಿಯೋದು ಬಿಟ್ಟದ್ದು ಯಾಕಂತ
ಯಾರೂ ಕೇಳಂಗಿಲ್ಲ.

ನನಗ ಹೇಳ್ರಿ, ಅಂದ್ಲು. ಖರೇ ಖರೇ ಹೇಳ್ರಿ.

ಎರಡನೇದಕ್ಕ ನಮ್ಮ ಮಾತು ಎಡವಿತು.
ಹೂವು ಅಂದ್ರ ಯಾ ಹೂವು?
ಸಿಹಿ ಅಂದ್ರ ಬೆಲ್ಲದ್ದೋ, ಪೇಡೇದ್ದೋ?
ವಾಸನಿಗೆ ತಂದಂತ ಹೆಸರಿಲ್ಲ;
ಬ್ಯಾರೆ ಸಾಮಾನಿನ ಹೆಸರು ಕಡಾ ತರ್ತೇವಿ,
ತಿರುಗಿ ಕೊಡಂಗಿಲ್ಲ.

ಆಕಿ ಗುಟುಕು ತಗೊಂಡು
ನಾಲಿಗಿ ಅಂಗಳಕ್ಕ ಒತ್ತಿ, ಕಣ್ಣು ಮುಚ್ಚಿ ಹೇಳಿದ್ಲು:
ಒಂದನೇದು ಹುಳಿ, ಜಗಳಗಂಟಿ.
ಎರಡನೇದು ಬೀಗರ ಮನಿ ಮಾತು.
ಮೂರನೇದು ಒಗರು.
ಹಲ್ಲಿನ ಸಂದ್ಯಾಗ ನಿಂತು ಕದಾ ಬಡೀತೈತಿ,
ಹೋಗು ಅಂದ್ರ ಹೋಗಂಗಿಲ್ಲ.
ನನಗ ಇದ ಬೇಕು.

ಮಾಸ್ತರ ಪೇಪರ್ ಬಿಚ್ಚಿದ್ರು.
ಎರಡುನೂರಾ ನಲವತ್ತು. ಮೂರರಾಗ ಸೋವಿದು.

ರೋಸಲಿನ್ ಒಪ್ಪಲಿಲ್ಲ. ಮತ್ತ ಸುರುವಿದ್ಲು.
ದಾದಾಪೀರ ರೊಟ್ಟಿ ತರಾಕ ಕೆಳಗ ಇಳದಿದ್ದ.
ನಾವು ಮೂವರೂ ಲೋಟಾದಾಗ ಮೂಗು ಇಟ್ಟು ಕುಂತ್ವಿ,
ಬಾವಿ ಆಳ ಬಗ್ಗಿ ನೋಡೋ ಹುಡುಗರಂಗ.

ಏನೋ ಸುಡಾಕತ್ತೈತಿ, ಅಂದ್ಲು ನೀಲಗಂಗಾ.
ಕೋಳಿ, ಅಂದೆ ನಾನು, ತಲಿ ಎತ್ತದ.
ಕೋಳಿ ಅಲ್ಲ.

ನೀರಿನ ಮಗ್ಗಾ. ಬಿಸಿ ಇಟ್ಟಂಗಿಗೆ ಆತು ನಿಂತು
ಹಸರು ಹಿಡಿಕಿ ಮೇಣದಂಗ ಇಳೀತಿತ್ತು.
ನಾ ಒದ್ದೆ. ಮಾಸ್ತರ ಕೆಮ್ಮಿದ್ರು.
ಛೀ, ಎಂಥಾ ನಾತ, ಅಂತ
ದುಪಟ್ಟಾ ಮೂಗಿಗೆ ಒತ್ತಿಕೊಂಡ ರೋಸಲಿನ್
ದುಪಟ್ಟಾ ಇಳಿಸಿ ಆಕೀನ್ನ ನೋಡಿದ್ಲು.
ಎಲ್ಲಾರೂ ನೋಡಿದ್ವಿ.
ಸ್ಟೇಷನ್ ಕಡೆ ಗಾಡಿ ಒಂದು ಕೂಗಿ ಸುಮ್ಮನಾತು.

ಆಕಿ ಲೋಟಾ ಎತ್ತಿ
ಭಾಳ ಹೊತ್ತು ಮೂಗಿಗೆ ಹಿಡದ್ಲು.
ಇಲ್ಲ, ಅಂದ್ಲು. ದ್ರಾಕ್ಷಿ ಇನ್ನೂ ಬಂದಿಲ್ಲ.
ಆ ಮಗ್ಗಾ ಕೊಡ್ರಿ ಇತ್ಲಾಗ.

ಸುಡ್ತೈತಿ, ಅಂದೆ.

ಇರಲಿ, ಕೊಡ್ರಿ.