ಅಳತಿ ಬುಕ್ಕು

ಗಿರಾಕಿ ಅಳತಿ ಬರಿಯೋ ಬುಕ್ಕಿನ ಹಿಂದಿನ ಹಾಳಿಯೊಳಗ
ಋತುಜಾನ ಅರ್ಜಿ ತಾರೀಖ ಬರದಿಟ್ಟೇನಿ.
ಈ ಕಡೆ ತಿರುವಿದ್ರ ಬಾಗಿ ಮಾಸ್ತರರ ಪ್ಯಾಂಟು,
ಎಡಗಾಲು ಅರ್ಧ ಇಂಚು ಸಣ್ಣದು,
ಯಾರಿಗೂ ಹೇಳಬ್ಯಾಡ ಅಂದಾರ.
ಆ ಕಡೆ ತಿರುವಿದ್ರ ಆದಾಯ ಪ್ರಮಾಣಪತ್ರ,
ಹದಿನಾರಕ್ಕ ಕಡೀ ದಿನ.

ನಾಡಕಚೇರಿಗೆ ಮೂರು ಸಲ ಹೋಗಿ ಬಂದೆ.
ಮೊದಲ ಸಲ ಸರ್ವರ್ ಇರಲಿಲ್ಲ.
ಎರಡನೇ ಸಲ ಸರ್ವರ್ ಇತ್ತು, ಸಾಹೇಬ್ರು ಇರಲಿಲ್ಲ.
ಮೂರನೇ ಸಲ ಎರಡೂ ಇದ್ದವು,
ಮಹಿಂದ್ರಕರ ಅನ್ನೋದರಾಗ ಒಂದು ಅಕ್ಷರ ಇರಲಿಲ್ಲ.
ಹೆಸರು ಬಿಗಿ ಆಗೇದರಿ, ಸ್ವಲ್ಪ ಸಡ್ಲ ಮಾಡಿ ಕೊಡ್ರಿ, ಅಂದೆ.
ಗುಮಾಸ್ತ ನಗಲಿಲ್ಲ.

ಆಕಿಗೆ ಓದಬೇಕಾಗಿದ್ದು ನೀರು.
ನೀರನ್ನ ಓದತಾರ ಅನ್ನೋದು ನನಗೂ ಈಗ ಗೊತ್ತಾತು,
ನೆಲದ ಕೆಳಗ ಎಲ್ಲಿ ಹರೀತದ, ಎಷ್ಟು ಉಳದದ.
ಎರಡು ವರ್ಷ ಆತು, ಐತವಾರಕ್ಕೊಮ್ಮೆ ತಾಜ್ ಬಾವಡಿಗೆ ಹೋಗಿ
ಕಬ್ಬಿಣ ಸರಳಿನ ಹೊರಗ ನಿಂತು
ನೀರು ಬಿಟ್ಟ ಮೆಟ್ಟಲ ಎಣಿಸಿ ಬರತಾಳ.
ಅದಕ್ಕ ಎರಡು ದಿನ ರೈಲಿನಾಗ ಹೋಗಬೇಕೇನು, ಅಂದ್ರು ಆಕಿ ಸೋದರಮಾವ,
ಡಿ.ಎಡ್. ಮಾಡ್ಲಿ, ಊರಾಗ ಇರ್ತಾಳ.
ನನ್ನ ನಾಲಿಗಿ ಮ್ಯಾಲೂ ಅದೇ ಮಾತಿತ್ತು.
ಬಾಯಾಗ ಟಾಚಣಿ ಹಿಡದಿದ್ದೆ,
ಹೊರಗ ಬರಲಿಲ್ಲ.

ಮುನ್ನೂರು ಶಬ್ದದಾಗ ನೀ ಯಾರಂತ ಬರಿ, ಅಂತದ ಅರ್ಜಿ.
ಅದೂ ಇಂಗ್ಲಿಷಿನ್ಯಾಗ.
ರಾತ್ರಿ ಶಟರ್ ಅರ್ಧ ಎಳದು ಕೂತಿದ್ದೆ.
ಅಪ್ಪಾ, ಓದತೇನಿ ಕೇಳು, ಅಂದ್ಲು.
ನನಗೇನು ತಿಳೀತದವಾ?
ತಿಳೀಬ್ಯಾಡ. ಕೇಳು.

ಕೇಳಿದೆ.
ನಲವತ್ತು ವರ್ಷ ಮಶಿನ್ ತುಳದವನ ಕಿವಿ ಇವು.
ಅರಿವಿ ನೋಡದ ಹೇಳತೇನಿ ಎಲ್ಲಿ ಹೊಲಿಗಿ ಜಿಗೀತು ಅಂತ,
ಸಪ್ಪಳದಾಗ ಒಂದು ಸಣ್ಣ ತೂತು ಬೀಳತದ.
ಛಲೋ ಓಡಿತ್ತು ಆಕಿ ದನಿ,
ನಡುವ ಒಂದು ಕಡೆ ಜಿಗೀತು.
ನಿಲ್ಲು. ಏನದ ಅಲ್ಲಿ?

ಹೇಳವಲ್ಲಳು.
ಕತ್ತರಿ ಎತ್ತಿ ಇಟ್ಟಳು, ಮತ್ತೂ ಎತ್ತಿ ಇಟ್ಟಳು.
ಆಮ್ಯಾಲ ಕನ್ನಡದಾಗ, ಗ್ವಾಡಿ ಕಡೆ ಮುಖ ಮಾಡಿ,
'ನಮ್ಮಪ್ಪ ಒಂದೊತ್ತು ಉಪಾಸ ಇದ್ದು ನನ್ನ ಓದಿಸ್ಯಾನ.'
ನೆಟ್ ಸೆಂಟರಿನ ಮಕಬೂಲ ಹೇಳಿದ್ನಂತ,
ಓದಿದವರ ಕರುಳು ಚುರ್ ಅನಬೇಕು, ಅಂದ್ರ ಸೀಟು.

ನಾ ನನ್ನ ಹೊಟ್ಟಿ ನೋಡಕೊಂಡೆ.
ಸುಲೋಚನಾ ಇದನ್ನ ಕೇಳಿದ್ಲಂದ್ರ
ಇಪ್ಪತ್ತೆರಡು ವರ್ಷದ ರೊಟ್ಟಿ ಲೆಕ್ಕ ತಗದು ಕುಂದರತಾಳ.
ಇಬ್ಬರೂ ನಕ್ವಿ, ಬಾಜೂ ಅಂಗಡಿಯವ ಹಣಿಕಿ ಹಾಕೋವರೆಗೂ.
ನಕ್ಕು ಮುಗದ ಮ್ಯಾಲ ಸುಮ್ಮ ಕೂತ್ವಿ.
ಬಿಚ್ಚವಾ ಅದನ್ನ, ಅಂದೆ.
ಬಿಚ್ಚಿದ ಜಾಗಾ ಖಾಲಿ ಕಾಣತದಲ್ಲಪಾ?
ಮೆಟ್ಟಲ ಹಾಕು.
ನಂದೊಂದು ಸಾಲೂ ಬ್ಯಾಡ, ಅಂದೆ.
ಮನಿಗೆ ಹೋಗೋ ಹಾದ್ಯಾಗ, ಒಂದು ಇರಬೇಕಿತ್ತು ಅನಸ್ತು.
ಹೇಳಲಿಲ್ಲ.

ಹದಿನಾರನೇ ತಾರೀಖ, ಮಧ್ಯಾಹ್ನ ಫೋನು:
ಅಪ್ಪಾ, ನಿನ್ನ ಮೊಬೈಲಿಗೆ ಓಟಿಪಿ ಬಂದದ, ಲಗೂ ಹೇಳು.
ಚಷ್ಮಾ ಸಿಗವಲ್ದು.
ಗಿರಾಕಿ ಕೊರಳಾಗ ಟೇಪು ಹಂಗ ಬಿಟ್ಟು
ಬಾಗಿಲ ಬೆಳಕಿಗೆ ಹಿಡದು, ಎರಡೆರಡು ಕೂಡಿಸಿ ಓದಿದೆ:
ಮೂವತ್ತೆಂಟು. ಹದಿನೇಳು. ನಲವತ್ತೊಂದು.
ಆ ಕಡೆ ಕೀಲಿ ಒತ್ತೋ ಸಪ್ಪಳ.
ಫೋನ್ ಕಿವಿಗೆ ಒತ್ತಿ ಕೇಳಿದೆ, ಎಲ್ಲೂ ಜಿಗೀಲಿಲ್ಲ.

ಎದಿಕಿಂತ ಸೊಂಟ ಜಾಸ್ತಿ, ಯಾರ ಅಳತಿ ಮಾಸ್ತರ? ಅಂದ ಗಿರಾಕಿ.

ಬುಕ್ಕಿನ ಹಿಂದಿನ ಹಾಳಿ ತಗದು ಬರಕೊಂಡೆ.
ಹೆಸರು ಹಾಕಿದೆ, ತಾರೀಖ ಹಾಕಿದೆ.
ಅರಿವಿ ಎಂದ ಕೊಡೋದು ಅನ್ನೋ ಕಡೆ
ಏನೂ ಬರೀಲಿಲ್ಲ.