ಹನ್ನೊಂದನೆಯ ಪ್ರಶ್ನೆ

ನರಿನ್ ಕಣಿವೆಯ ಮೇಲಣ ಹುಲ್ಲುಗಾವಲಲ್ಲಿ
ಐಸು ಕರಗುವ ಮುನ್ನ ಕೇಳಿ ಮುಗಿಸಬೇಕು ನಾನು
ಮೂವತ್ತೆರಡು ಪ್ರಶ್ನೆ.
ರಕ್ತದ ಕೊಳವೆಗಳಿಗೆ ನಾಲ್ಕೇ ಗಂಟೆಯ ಆಯುಸ್ಸು;
ಚಾಲಕ ಜೀಪಿನ ಹಾರನ್ ಒತ್ತೊತ್ತಿ ನೆನಪಿಸುತ್ತಾನೆ.

ಸಾಯ್ರಾಕಾನ್, ವಯಸ್ಸು ನಲವತ್ತೊಂದು.
ಜುಲೈ ಬಿಸಿಲಲ್ಲೂ ಕುರಿದೊಗಲಿನ ಕೋಟು.
ಹುಬ್ಬಿನ ಹೊರತುದಿ ಅಳಿಸಿಹೋಗಿದೆ,
ಯಾರೋ ಬರೆಯುತ್ತ ಬರೆಯುತ್ತ
ಮಸಿ ತೀರಿದ ಹಾಗೆ.

ಹನ್ನೊಂದು: ಹೆರಿಗೆಯ ನಂತರ ಎದೆಹಾಲು ಬಂದಿತೆ?

'ಯಾರದು?'
ಅಂದಳು.

ನನ್ನ ಕಾಗದದಲ್ಲಿ ಇದಕ್ಕೆ ಚೌಕವಿಲ್ಲ.

'ಆ ರಾತ್ರಿ ನನ್ನ ರಕ್ತಕ್ಕೆ ಎರಡು ಕಂಬಳಿ ತೊಯ್ದವು.
ಮೂರನೆಯದು ಹೊಸತು; ಅತ್ತೆ ಕೊಡಲಿಲ್ಲ.
ಬೆಳಗ್ಗೆ ಬದುಕಿದ್ದೆ. ಮಗು ಅಳುತ್ತಿತ್ತು.
ಎದೆ ಮಾತ್ರ ಸುಮ್ಮನಿತ್ತು,
ಸುದ್ದಿ ಮುಟ್ಟದ ಮನೆಯ ಹಾಗೆ.
ಪಕ್ಕದ ಡೇರೆಯ ಬಾಕ್ತಿಗುಲ್
ತನ್ನ ಮಗನಿಗೊಂದು ಮೊಲೆ, ನನ್ನ ಮಗಳಿಗೊಂದು ಮೊಲೆ ಕೊಟ್ಟಳು.
ಈಗ ಆ ಹುಡುಗ ನನ್ನ ಮಗಳನ್ನು ಕಂಡರೆ ನಗುತ್ತಾನೆ.
ನಕ್ಕರೇನು? ಒಂದೇ ಹಾಲುಂಡವರು
ಅಣ್ಣ ತಂಗಿ. ಮದುವೆಯಾಗುವಂತಿಲ್ಲ.
ಬಾರದ ಹಾಲೂ ಎಷ್ಟು ದೂರ ಹರಿಯುತ್ತದೆ ನೋಡು ತಂಗಿ,
ಅದಕ್ಕೆಲ್ಲಿ ಗುರುತು ಹಾಕುತ್ತೀ?'

'ಇಲ್ಲ' ಎಂಬ ಚೌಕದಲ್ಲಿ ಹಾಕಿದೆ.

ಹನ್ನೆರಡು: ಮುಟ್ಟು ಮತ್ತೆ ಬಂದಿತೆ? ಇಲ್ಲ.
ಹದಿಮೂರು: ದಣಿವು?
ಇದಕ್ಕೆ ಒಲೆಯ ಬಳಿಯಿಂದ ಅತ್ತೆಯೇ ಉತ್ತರ ಕೊಟ್ಟಳು:
'ಮೈಗಳ್ಳತನ ಅಂತ ಬರಕೋ.'

ಸೆಪ್ಟೆಂಬರಿನಲ್ಲಿ ಬಿಷ್ಕೆಕ್. ಮಿದುಳಿನ ಸ್ಕ್ಯಾನು.
ಡಾಕ್ಟರ್ ಚೊಲ್ಪೊನೈ ಪರದೆಗೆ ಬೆರಳಿಟ್ಟು ಹೇಳಿದರು:
'ಇಲ್ಲಿ, ಮಿದುಳಿನ ಬುಡದಲ್ಲಿ, ಮೂಳೆಯದೊಂದು ತಡಿ ಇದೆ,
ಕುದುರೆಯ ತಡಿಯಂಥದೇ. ಪುಸ್ತಕದಲ್ಲೂ ಅದೇ ಹೆಸರು.
ಅದರ ಮೇಲೆ ಬಟಾಣಿಯಷ್ಟು ಗ್ರಂಥಿಯೊಂದು ಕೂತು
ಹಾಲಿಗೆ, ಮುಟ್ಟಿಗೆ, ಮೈಯ ಬಿಸುಪಿಗೆ ಅಪ್ಪಣೆ ಕೊಡುತ್ತಿರುತ್ತದೆ.
ಹೆರಿಗೆಯಲ್ಲಿ ರಕ್ತ ಹರಿದು ಹೋಗಿ ಅದು ಸೊರಗಿ ಸತ್ತಿದೆ.
ನಿಮ್ಮ ತಡಿ ಖಾಲಿ.'

ಸಾಯ್ರಾಕಾನ್ ಬಹಳ ಹೊತ್ತು ನೋಡಿದಳು.
ಕುದುರೆಯವರ ಮಗಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.
'ಖಾಲಿ ತಡಿ ಹೊತ್ತು ಕುದುರೆ ಮನೆಗೆ ಬಂದರೆ
ಪಂಜು ಹಿಡಿದು ಎಲ್ಲರೂ ಸವಾರನನ್ನು ಹುಡುಕುತ್ತಾರೆ.
ನಾನೂ ಬಂದೆ.
ಹತ್ತೊಂಬತ್ತು ವರ್ಷ ಬಾಗಿಲಲ್ಲೇ ನಿಂತಿದ್ದೆ.
ಲದ್ದಿ ಬಾಚು ಅಂದರು.'

ಮೊದಲು ಕಾರ್ಟಿಸೋಲಿನ ಮಾತ್ರೆ, ದಿನಗಳ ಮೇಲೆ ಥೈರಾಯ್ಡಿನದು,
ಹಿಂದುಮುಂದಾದರೆ ಜೀವಕ್ಕೇ ಅಪಾಯ,
ಮೂರು ಸಲ ಹೇಳಿದೆ.
ಅಧ್ಯಯನದ ಹಣ ಮುಂದಿನ ಆಗಸ್ಟಿಗೆ ಮುಗಿಯುತ್ತದೆ.
ಮಾತ್ರೆ ಆಗಸ್ಟಿಗೆ ಮುಗಿಯುವಂಥದಲ್ಲ.
ಇದನ್ನೂ ಹೇಳಬೇಕಿತ್ತು; ಹೇಳಿದ್ದು ಅರ್ಧ.

ಮರುವರ್ಷ ಜೂನ್, ಕೊನೆಯ ಭೇಟಿ.
ಕೋಟು ಗೂಟಕ್ಕೆ ನೇತಾಡುತ್ತಿತ್ತು.
ಅತ್ತೆ ನನ್ನ ತೋಳು ಹಿಡಿದಳು:
'ಇನ್ನೊಮ್ಮೆ ಹೇಳು, ಅದು ಮೈಗಳ್ಳತನ ಅಲ್ಲ ಅಂತ.
ನನ್ನ ಕಿವಿ ಮಂದ.'
ಹೇಳಿದೆ.
'ಜೋರಾಗಿ.'
ಬಾಕ್ತಿಗುಲಳ ಡೇರೆಗೂ ಕೇಳಿರಬೇಕು.

ಹೊರಗೆ ಹೆಣ್ಣುಕುದುರೆ. ಮರಿ ಹತ್ತಿರ ಬಾರದೆ
ಅದು ತೊರೆ ಬಿಡುವುದಿಲ್ಲ.
ಸಾಯ್ರಾಕಾನ್ ಮರಿಯ ಮೂತಿಯನ್ನು ಕೆಚ್ಚಲಿಗೆ ತಾಗಿಸಿ, ಎಳೆದು ಕಟ್ಟಿ,
ಒಂದು ಮೊಣಕಾಲೂರಿ, ಇನ್ನೊಂದು ತೊಡೆಯ ಮೇಲೆ ಬಕೆಟ್ಟಿಟ್ಟು
ಕರೆಯತೊಡಗಿದಳು. ಸರ್, ಸರ್, ಸರ್.
'ನೋಡು, ಇವಳಿಗೆ ಹೊರಗೆ ತಡಿಯಿಲ್ಲ,
ಒಳಗಿನದು ತುಂಬಿದೆ' ಅಂದಳು.
ನಗುತ್ತಿದ್ದಳೋ ಏನೋ,
ಮುಖ ಕುದುರೆಯ ಹೊಟ್ಟೆಗೆ ಒರಗಿತ್ತು, ಕಾಣಲಿಲ್ಲ.

ಹಾರನ್. ಐಸು ಕರಗುತ್ತಿದೆ.
ನಮೂನೆಯ ಅಂಚಿನಲ್ಲಿ ಏನನ್ನೂ ಬರೆಯಬಾರದೆಂದು ನಿಯಮ.
ಹನ್ನೊಂದರ ಪಕ್ಕ, ಪೆನ್ಸಿಲಿನಲ್ಲಿ, ತೆಳ್ಳಗೆ,
ಬರೆದಿದ್ದೇನೆ:
ಯಾರದು?