ಹದಿನಾಲ್ಕನೇ ಪ್ರಶ್ನೆ

ಮಿಲ್ಲಿನ ಭೋಂಗಾ ನಿಂತ ಮ್ಯಾಲೆ
ಸೊಲ್ಲಾಪುರದಾಗ ನನಗ ಹೊತ್ತೇ ತಿಳೀತಿದ್ದಿಲ್ಲ.
ಡಾಕ್ಟರ್‌ಬಾಯಿ ಕೊರಳಿಗೆ ಒಂದು ಗಡಿಯಾರ ಹಾಕಿದರು:
ಒತ್ತಿದರ ಓಡತದ, ಮತ್ತ ಒತ್ತಿದರ ನಿಲ್ಲತದ.
"ನೇಕಾರ ಅಲ್ಲೇನು ರೇವಣ? ಎಳಿ ಕಾಣತದ ನಿನ್ನ ಕಣ್ಣಿಗೆ."
ಅಕ್ಕಲಕೋಟದ ಹತ್ತೂರೆ ಮನೆತನದಾಕಿ, ನೀಲಾಂಬಿಕಾ,
ಸಿಟ್ಟು ಬಂದರ ಮರಾಠಿ, ದಣಿದರ ಕನ್ನಡ.

ಕೆಲಸ ಇಷ್ಟ:
ಮೂವತ್ತೇಳರ ಬಿಸಿನೀರಿನಾಗ ಕೊಳವಿ ನಿಲ್ಲಸಬೇಕು.
ಒಣಹುಲ್ಲಿನ ಬಣ್ಣದ ರಕ್ತರಸ,
ಅದಕ್ಕ ಸುಣ್ಣದ ಉಪ್ಪಿನ ನಾಕು ಹನಿ.
ತಂತಿಯ ಕೊಂಡಿ ಅದ್ದಿ ಎತ್ತಿ, ಅದ್ದಿ ಎತ್ತಿ
ಮೊದಲ ಎಳಿ ಹತ್ತಿದ ಗಳಿಗಿಗೆ
ಗಡಿಯಾರ ಒತ್ತಬೇಕು.

ಇಪ್ಪತ್ತು ವರ್ಷ ಮಗ್ಗದ ಮುಂದ ನಿಂತು
ಕಡಿಯೂ ಎಳಿ ಕಾದವ ನಾ.
ಇಲ್ಲಿ ಹುಟ್ಟೂ ಎಳಿ ಕಾಯಬೇಕು.
ಹಾಸಿಲ್ಲ, ಹೊಕ್ಕಿಲ್ಲ, ಲಾಳಿ ಸಪ್ಪಳಿಲ್ಲ,
ನೀರಿನಾಗಿಂದ ನೀರೇ ನೂಲಾಗಿ ಏಳತದ.

ಹಾಲಿಗೆ ಹಾಕೂದೂ ಹೆಪ್ಪು, ರಕ್ತ ಆಗೂದೂ ಹೆಪ್ಪು.
ಮರಾಠಿಯೊಳಗ ಅದು ವಿರಜಣ, ಇದು ಗುಠಳಿ.
"ನಮ್ಮ ಭಾಷಾಕ್ಕ ಒಂದs ಶಬ್ದ ಸಾಕಾಗ್ಯದ ನೋಡು" ಅಂತ
ಒಮ್ಮೆ ಡಬ್ಬಿ ಬಿಚ್ಚಿ ಮೊಸರನ್ನ ಉಣ್ಣುವಾಗ ಅಂದರು.
ಆಮ್ಯಾಲೆ ಇಬ್ಬರಿಗೂ ಉಣ್ಣಾಕ ಆಗಲಿಲ್ಲ.

ಕೊಳವಿಗೋಳು ಬರತಾವ
ದುಧನಿಯಿಂದ, ನಾಗಣಸೂರಿನಿಂದ, ವಳಸಂಗದಿಂದ.
ಹಡೆದು ಎಂಟು ದಿನ, ಹತ್ತು ದಿನ, ಹನ್ನೆರಡು.
ಮೊದಲು ತಲಿಶೂಲಿ. ಆಮ್ಯಾಲೆ ಬಲಗೈ ಏಳೂದಿಲ್ಲ,
ಕೂಸಿನ ಹೆಸರು ಕೇಳಿದರ ಬಾಯಿ ಓರಿ.
ಮನಿಯವರು ಗಾಳಿ ಸೋಕ್ಯದ ಅಂತಾರ.
"ತಲಿಯೊಳಗಿನ ಹಳ್ಳ ಕಟ್ಯದ" ಅಂತಾರ ಇವರು,
ಫಿಲಂ ಬೆಳಕಿಗೆ ಹಿಡಿದು, ಬೆರಳಿಲೆ ತೋರಿಸಿ.

ಹಡೆದ ರಕ್ತಕ್ಕ ಅವಸರ ಬಾಳ.
ನೂರಾ ನಲವತ್ತಕ್ಕ ಬರೂ ಎಳಿ ತೊಂಬತ್ತಕ್ಕ ಬರತದ.
ತಪ್ಪಲ್ಲ ಅದು. ಹಡೆದಾಕಿ ಹರಿದು ಹೋಗಬಾರದಂತ
ಮೈ ತಾನೇ ನೇಯ್ಕೋತದ.
ನಿಲ್ಲು ಅನ್ನವರು ಬೇಕು. ನೀರು ಬೇಕು.

ಫಾರ್ಮಿನಾಗ ಹದಿಮೂರು ಪ್ರಶ್ನೆ ಅಚ್ಚಾಗಿದ್ದವು.
ವಯಸ್ಸು, ಎಷ್ಟನೇ ಹಡಿಗಿ, ಜ್ವರ ಇತ್ತೇನು.
ಹದಿನಾಲ್ಕನೇದ್ದು ಅವರು ಪೆನ್ನಿಲೆ ಬರೆದದ್ದು:
ದಿನಕ್ಕ ಎಷ್ಟು ಲೋಟ ನೀರು ಕೊಟ್ಟಿರಿ?

ನಾ ಬರಕೊಂಡೆ, ಅತ್ತಿಗೋಳು ಹೇಳಿದ್ದನ್ನ:
ಅರ್ಧ. ಅಜವಾನ ಹಾಕಿ ಕುದಿಸಿದ್ದು.
ಹಸಿಬಾಣಂತಿಗೆ ನೀರು ಕೊಟ್ಟರ ಹೊಟ್ಟಿ ಬರತದ್ರಿ.
ಕೂಸಿಗೆ ಥಂಡಿ ಹತ್ತತದ್ರಿ.
ಒಂದು ಗುಟುಕು. ತುಟಿ ಒದ್ದಿ ಮಾಡಿದ್ದೆವು.
ನಾವೂ ಹಿಂಗs ಹಡೆದೀವ್ರಿ, ಸತ್ತೀವೇನು?

ವರ್ಷದ ಕಡೀಕ ಲೆಕ್ಕ ಕೂಡಲಿಲ್ಲ.
ಕೊಳವಿ ಇನ್ನೂರಾ ಹನ್ನೆರಡು. ಫಾರ್ಮು ಇನ್ನೂರಾ ಹದಿಮೂರು.
ಬಾಯಿ ಎರಡು ಸರ್ತಿ ಎಣಿಸಿದರು,
ಮೂರನೇ ಸರ್ತಿ ಒಂದು ಹಾಳಿ ಹೊರಗ ತೆಗೆದರು.
ನಂಬರಿಲ್ಲ. ಇಪ್ಪತ್ತಾರು ವರ್ಷದ ಹಿಂದಿನ ತಾರೀಖು.
ಹೆಸರು ಬನವ್ವ. ಹಡೆದು ಹನ್ನೊಂದು ದಿನ.
ಅಕ್ಷರ ನನ್ನವು.

ಹದಿನಾಲ್ಕರ ಮುಂದ:
ಇಲ್ಲ. ಬೇಡಿದ್ದಳು.
ಅವ್ವ ಬಾಗಿಲದಾಗ ಕುಂತಿದ್ದಳು.
ನಾ ರಾತ್ರಿ ಪಾಳಿ ಮುಗಿಸಿ ಬಂದವ, ಬಿಂದಿಗಿ ನನ್ನ ಕೈಯಾಗ ಇತ್ತು.

"ಇದು ಲೆಕ್ಕಕ್ಕ ಬರೂದಿಲ್ಲ ರೇವಣ.
ರಕ್ತ ಇಲ್ಲ, ಫಿಲಂ ಇಲ್ಲ.
ಆಕಿಗೆ ಇದs ಆಗಿತ್ತಂತ ನಾ ಹ್ಯಾಂಗ ಬರೀಲಿ?"
"ಗೊತ್ತದ್ರೀ ಬಾಯಿ."
ಹರೀಲಿಲ್ಲ ಅವರು. ಕಪಾಟಿನಾಗೂ ಇಡಲಿಲ್ಲ.
ಬಾಳ ಹೊತ್ತು ಹಿಡಕೊಂಡೇ ಕುಂತರು,
ಬಿಸಿನೀರಿನ ತೊಟ್ಟಿ ಗುಂಯ್‌ಗುಡತಿತ್ತು.

ಹೊಸ ಫಾರ್ಮು ಅಚ್ಚಾಗಿ ಬಂದ್ವು ಸೋಮವಾರ,
ಶಾಯಿ ಇನ್ನೂ ಬೆರಳಿಗೆ ಹತ್ತತಿತ್ತು.
ಹದಿನಾಲ್ಕರ ಕೆಳಗ ಹದಿನೈದು:
ಆಕಿ ಬೇಡಿದ್ದಳೇನು?

ವಳಸಂಗದ್ದೊಂದು ಕೊಳವಿ ಬಂದದ. ಹತ್ತೊಂಬತ್ತು ವರ್ಷದ ಹುಡುಗಿ.
ಅದ್ದತೀನಿ, ಎತ್ತತೀನಿ.
ಎಪ್ಪತ್ತೆಂಟು. ಎಪ್ಪತ್ತೊಂಬತ್ತು.
ಎಳಿ ಇನ್ನೂ ಹತ್ತಿಲ್ಲ.